ಮೊದಲು ಸಣ್ಣ ಮೀನು

ಸೆಗೆಡ್, ಬುಧವಾರ ಬೆಳಿಗ್ಗೆ

ನನ್ನ ಹಟಮಾರಿ ಅಪ್ಪನಿಗೆ,

ಈ ಕಾಗದ ಲೋರಾಂಟ್ ಕೈಯಲ್ಲಿ ಬರುತ್ತದೆ. ಅಳಿಯ ತಂದದ್ದು ಎಂಬ ಒಂದೇ ಕಾರಣಕ್ಕೆ ಒಲೆಗೆ ಹಾಕಬೇಡ. ಕನ್ನಡಕ ಹಾಕಿಕೋ, ಅಡುಗೆಮನೆಯ ಕಿಟಕಿಯ ಹತ್ತಿರ ಕೂತುಕೋ, ಪೂರ್ತಿ ಓದು. ಅರ್ಧ ಓದಿ "ಗೊತ್ತಾಯ್ತು ಬಿಡು" ಎನ್ನುವ ನಿನ್ನ ಚಾಳಿ ನನಗೆ ಗೊತ್ತಿಲ್ಲವೆ? ಎದುರಿಗೆ ಕೂತು ಹೇಳೋಣವೆಂದು ಎಷ್ಟು ಸಲ ಬಂದೆ! ನಾನು ಬಾಯಿ ತೆರೆಯುವ ಮೊದಲೇ ನೀನು ಏನಾದರೊಂದು ಹಾಸ್ಯ ಮಾಡುತ್ತೀಯ, ನಾನು ನಕ್ಕುಬಿಡುತ್ತೇನೆ, ನಕ್ಕ ಮೇಲೆ ಜಗಳ ಆಡಲು ಆಗುವುದಿಲ್ಲ. ಕಾಗದಕ್ಕಾದರೆ ನೀನು ಅಡ್ಡಬಾಯಿ ಹಾಕಲಾರೆ.

ಕೆಲಸದ ಜಾಗದಲ್ಲೇ ಕೂತು ಬರೆಯುತ್ತಿದ್ದೇನೆ. ಕೂತು ಎಂದರೆ ಸುಳ್ಳಾಗುತ್ತದೆ. ಎರಡು ಸಾಲು ಬರೆಯುವುದು, ಎದ್ದು ಕಿಟಕಿಯವರೆಗೆ ಹೋಗುವುದು, ಮತ್ತೆ ಬರುವುದು. ಅಂಡು ಸುಟ್ಟ ಬೆಕ್ಕಿನ ಹಾಗೆ ಆಡುತ್ತಿದ್ದೇನೆ ಎಂದು ವಿಲ್ಮೊಶ್ ಆಗಲೇ ಗೇಲಿ ಮಾಡಿದ. ನಮ್ಮ ಲೇಸರ್ ನೋಡಿಕೊಳ್ಳುವ ಆ ಉದ್ದನೆಯ ಮನುಷ್ಯ ಗೊತ್ತಲ್ಲ, ನಿನ್ನ ಮೀನುಸಾರು ಕುಡಿಯುವಾಗಲೆಲ್ಲ ಅಂಗಿ ಕೆಂಪು ಮಾಡಿಕೊಳ್ಳುತ್ತಾನಲ್ಲ, ಅವನೇ. ಹೊರಗೆ ಬಿಸಿಲು ಏರಿದೆ. ಕಟ್ಟಡದೊಳಗಿನ ಗಾಳಿ ಒಂದಿಷ್ಟು ಬೆಚ್ಚಗಾದರೂ ಸಾಕು, ಕನ್ನಡಿಗಳು ಕೂದಲೆಳೆಯಷ್ಟು ಸರಿಯುತ್ತವೆ, ಕಿರಣ ದಾರಿ ತಪ್ಪುತ್ತದೆ. ಬೆಳಿಗ್ಗೆಯಿಂದ "ಇನ್ನೊಂದು ಹತ್ತು ನಿಮಿಷ ಎತೆಲ್ಕಾ" ಎನ್ನುತ್ತಲೇ ಇದ್ದಾನೆ. ಆ ಹತ್ತು ನಿಮಿಷಗಳಲ್ಲಿ ನಿನಗೆ ಬರೆಯುತ್ತಿದ್ದೇನೆ.

ನಾಳೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ನಿನ್ನ ಹೆಸರು ಮತ್ತೆ ಹಚ್ಚಿದ್ದಾರೆ. ಇದು ಮೂರನೆಯ ಸಲ. ಮೊದಲನೆಯ ಸಲ ಮಂಡಿ ನೋವು ಎಂದೆ. ನಾಲಗೆಯ ಬುಡದಲ್ಲಿ ಗಡ್ಡೆ ಇಟ್ಟುಕೊಂಡವನು ಮಂಡಿ ನೋವಿಗೆ ಮನೆಯಲ್ಲಿ ಮಲಗಿದ್ದನ್ನು ನಾನು ಎಲ್ಲೂ ಕೇಳಿಲ್ಲ. ಎರಡನೆಯ ಸಲ ಹೋದೆ, ಮಂಚದ ಮೇಲೆ ಮಲಗಿದೆ, ಬಿಸಿನೀರಿನಲ್ಲಿ ಮೆತ್ತಗಾದ ಆ ಪ್ಲಾಸ್ಟಿಕ್ ಜಾಲರಿಯನ್ನು ಮುಖಕ್ಕೆ ಒತ್ತಿ ಅಚ್ಚು ತೆಗೆಯುವವರೆಗೂ ಸುಮ್ಮನಿದ್ದೆ. ಅದು ತಣ್ಣಗಾಗಿ ಗಟ್ಟಿಯಾಯಿತು, ತಲೆ ಅಲ್ಲಾಡದ ಹಾಗೆ ಅದನ್ನು ಮಂಚಕ್ಕೆ ಬಿಗಿಯುತ್ತೇವೆ ಎಂದರು, ಅಷ್ಟೇ. ನೀನು ಎದ್ದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ. ಕಾರಿಡಾರಿನಲ್ಲಿ ಕಾಯುತ್ತಿದ್ದ ನನಗೆ ಹೇಳಿದ್ದೇನು? "ಜೀವಮಾನ ಪೂರ್ತಿ ಮೀನಿಗೆ ಬಲೆ ಹಾಕಿದೆ ಕಣೇ ಎತು. ಈಗ ನನಗೇ ಹಾಕೋಕೆ ಬಂದಿದ್ದಾರೆ. ಬುದ್ಧಿ ಇರೋ ಮೀನು ತಪ್ಪಿಸ್ಕೊಳ್ಳುತ್ತೆ." ಅಲ್ಲಿದ್ದ ರೋಗಿಗಳೆಲ್ಲ ನಕ್ಕರು. ನಾನೂ ನಕ್ಕೆ. ಟ್ರಾಮಿನಲ್ಲಿ ಬರುವಾಗ ನಿನ್ನ ಪಕ್ಕದಲ್ಲಿ ಕೂತು, ಮುಖ ಕಿಟಕಿಯ ಕಡೆ ಮಾಡಿಕೊಂಡು ಅತ್ತದ್ದು ನಿನಗೆ ಕಾಣಿಸಲಿಲ್ಲ.

ಆ ಮುಖವಾಡ ಈಗಲೂ ಅಲ್ಲಿ ಗೋಡೆಗೆ ತೂಗುಬಿದ್ದಿದೆ ಅಪ್ಪ. ನಿನ್ನ ಮೂಗು, ನಿನ್ನ ಗದ್ದ, ಎಲ್ಲ ಹಾಗೇ ಇದೆ. ನಿನ್ನೆ ಡಾಕ್ಟರ್ ಇಲ್ದಿಕೊ ಅವರನ್ನು ನೋಡಲು ಹೋದಾಗ ಕಣ್ಣಿಗೆ ಬಿತ್ತು. ಆ ತಾಯಿ ಬೈಯಲಿಲ್ಲ. "ಗಡ್ಡೆ ಇನ್ನೂ ಚಿಕ್ಕದಿದೆ, ಈಗ ಶುರು ಮಾಡಿದ್ರೆ ಕ್ಷ-ಕಿರಣದಲ್ಲೇ ಹೋಗುತ್ತೆ. ಬೇಸಿಗೆ ಕಳೆದರೆ ನನ್ನ ಕೈಯಲ್ಲಿ ಇರಲ್ಲಮ್ಮ. ಆಮೇಲೆ ಕತ್ತರಿ. ನಾಲಗೇನೇ ತೆಗೀಬೇಕಾಗುತ್ತೆ, ಅದಾದ್ಮೇಲೂ ಗ್ಯಾರಂಟಿ ಇಲ್ಲ" ಎಂದರು. ನಿನಗೂ ಇದನ್ನೇ ಹೇಳಿದ್ದಾರಂತೆ. ಅದಕ್ಕೆ ನೀನು ಕೊಟ್ಟ ಉತ್ತರವನ್ನೂ ಹೇಳಿದರು. "ಸೆಪ್ಟೆಂಬರಿನ ಮೀನುಸಾರಿನ ಸ್ಪರ್ಧೆ ಕಳೀಲಿ ಡಾಕ್ಟ್ರಮ್ಮ. ಅಷ್ಟರಲ್ಲಿ ನನ್ನ ಮಗಳು ಊರಾಚೆ ಒಂದು ಬೆಳಕು ಕಾಯಿಸಿಡ್ತಾಳೆ. ಅದು ರುಚಿ ಕೆಡಿಸಲ್ಲ."

ಅಯ್ಯೋ ಅಪ್ಪ.

ನಿನ್ನ ಭಯ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಸಾಯುವ ಭಯ ನಿನಗಿಲ್ಲ. ನದಿಯಲ್ಲಿ ಬಲೆ ಬಿಡುವುದನ್ನು ಸರ್ಕಾರ ನಿಲ್ಲಿಸಿದಾಗ ನೀನು ದೋಣಿಯನ್ನು ಮಗುಚಿ ಹಾಕಿ, ಅದರ ಮೇಲೆ ಕೂತು ಒಂದು ಸಿಗರೇಟು ಸೇದಿ, "ಬಲೆ ಹೋದ್ರೆ ಹೋಗಲಿ, ಕೊಪ್ಪರಿಗೆ ಇದೆಯಲ್ಲ" ಎಂದು ಎದ್ದೆ. ತೀಸಾ ನದಿಯ ದಡದ ಆ ನಾಲ್ಕು ಮೇಜಿನ ಖಾನಾವಳಿಗೆ ಜನ ಬರುವುದು ಗೋಡೆಯ ಅಂದ ನೋಡಲು ಅಲ್ಲ, ನಿನ್ನ ನಾಲಗೆಯನ್ನು ನಂಬಿ. ಡಾಕ್ಟರು ಒಂದು ಮಾತು ಹೇಳಿಬಿಟ್ಟರು: ಕ್ಷ-ಕಿರಣ ಗಡ್ಡೆಯನ್ನು ಸುಡುತ್ತಾ ದಾರಿಯಲ್ಲಿ ಸಿಕ್ಕಿದ್ದನ್ನೂ ಸುಡುತ್ತದೆ, ಬಾಯಿಯ ನೀರು ಬತ್ತುತ್ತದೆ, ತಿಂಗಳುಗಟ್ಟಲೆ ರುಚಿ ತಿಳಿಯುವುದಿಲ್ಲ, ಎಷ್ಟು ವಾಪಸು ಬರುತ್ತದೋ ಹೇಳಲಾಗದು. ಆ ಮಾತು ಕೇಳಿದಾಗ ನಿನ್ನ ಮುಖ ನೋಡಿದೆ. ಅಮ್ಮ ಹೋದ ದಿನವೂ ನಿನ್ನ ಮುಖ ಹಾಗಾಗಿರಲಿಲ್ಲ. ಕೋಪ ಮಾಡಿಕೊಳ್ಳಬೇಡ, ಕಂಡದ್ದನ್ನು ಬರೆಯುತ್ತಿದ್ದೇನೆ.

ವಿಲ್ಮೊಶ್ ಕರೆಯುತ್ತಿದ್ದಾನೆ. ಬಂದೆ.

ಇಲ್ಲ, ಇನ್ನೂ ಇಲ್ಲವಂತೆ. ಅನಿಲದ ಒತ್ತಡ ಸರಿಯಿಲ್ಲ. ಮತ್ತೆ ಹತ್ತು ನಿಮಿಷ.

ನನ್ನ ಬೆಳಕಿನ ಮೇಲೆ ನಿನಗೆ ಇಷ್ಟು ಭರವಸೆ ಹುಟ್ಟಿದ್ದು ಎಲ್ಲಿಂದ ಎಂದು ಯೋಚಿಸಿದರೆ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಮೊದಲು ನೀನು ಇದನ್ನು ಕಾಸಿನ ಬೆಲೆಯೂ ಕೊಡದೆ ಆಡಿಕೊಳ್ಳುತ್ತಿದ್ದೆ. ಹಿಂದೆ ರಷ್ಯದ ಸೈನಿಕರು ಬಿಡಾರ ಹೂಡಿದ್ದ ಬಯಲಿನಲ್ಲಿ ಈ ಕಟ್ಟಡ ಎದ್ದಾಗ "ಟ್ಯಾಂಕು ಹೋಯ್ತು, ಟಾರ್ಚು ಬಂತು" ಎಂದು ಊರಿಗೆಲ್ಲ ಸಾರಿದವನು ನೀನೇ. ನಾನು ಇಲ್ಲಿ ಕೆಲಸಕ್ಕೆ ಸೇರಿ ಪಟ್ಟೆಮೀನಿನ ಮರಿಗಳ ಮೇಲೆ ಕಿರಣ ಬಿಡುತ್ತೇವೆ ಎಂದಾಗ ನಿನ್ನ ಸ್ನೇಹಿತರ ಮುಂದೆ ನನ್ನ ಮಾನ ಕಳೆದೆ: "ನಾನು ಮೀನು ಬೇಯಿಸ್ತೀನಿ, ನನ್ನ ಮಗಳು ಮೀನಿಗೆ ಎಕ್ಸ್‌ರೇ ತೆಗೀತಾಳೆ. ಒಂದೇ ಕಸುಬು, ನಂದು ಹೊಟ್ಟೆ ತುಂಬಿಸುತ್ತೆ ಅಷ್ಟೆ." ಆದರೂ ಮೊದಲ ದಿನ ನನ್ನ ಗುರುತಿನ ಚೀಟಿಯ ಹಿಂದೆ ಕ್ರಿಸ್‌ಮಸ್ ಊಟದ ಕಾರ್ಪ್ ಮೀನಿನ ಒಂದು ಹುರುಪೆ ಸಿಕ್ಕಿಸಿ ಕಳಿಸಿದೆ. ಪರ್ಸಿನಲ್ಲಿಟ್ಟರೆ ಕಾಸು ಬರುತ್ತದೆ, ಇಲ್ಲಿಟ್ಟರೆ ಬುದ್ಧಿ ಬರಲಿ ಎಂದೆ. ಅದು ಈಗಲೂ ಅಲ್ಲೇ ಇದೆ.

ಆಮೇಲೆ ಒಂದು ಸಂಜೆ ನೀನೇ ಕೇಳಿದೆ, ನಿಜಕ್ಕೂ ಅಲ್ಲೇನು ಮಾಡುತ್ತೀರಿ ಎಂದು. ನಾನು ದೋಣಿಯ ಮಾತಿನಲ್ಲಿ ಹೇಳಿದೆ. ಲೇಸರಿನ ಒಂದು ಚಿಟಿಕೆ ಬೆಳಕನ್ನು ಅನಿಲದೊಳಗೆ ಹೊಡೆದರೆ ಅದು ದೋಣಿಯ ಹಾಗೆ ಸೀಳಿಕೊಂಡು ಹೋಗುತ್ತದೆ, ಹಿಂದೆ ಅಲೆ ಏಳುತ್ತದೆ, ಆ ಅಲೆಯನ್ನು ಹತ್ತಿದ ಎಲೆಕ್ಟ್ರಾನುಗಳು ಒಂದು ಉಗುರಿನಷ್ಟು ದೂರದಲ್ಲೇ ಭಯಂಕರ ವೇಗ ಪಡೆಯುತ್ತವೆ ಎಂದೆ. ಆಸ್ಪತ್ರೆಯಲ್ಲಿ ಈಗಿರುವ ಎಲೆಕ್ಟ್ರಾನು ಚರ್ಮದ ಕೆಳಗೆ ಸ್ವಲ್ಪ ಇಳಿದು ಸೋತುಹೋಗುತ್ತದೆ, ನಮ್ಮದು ಮೈಯ ಆಳಕ್ಕೆ ಹೋಗಬಲ್ಲದು. ಕೊಡುವ ಏಟನ್ನೆಲ್ಲ ಕಣ್ಣು ಮಿಟುಕಿಸುವುದರೊಳಗೆ ಕೊಟ್ಟು ಮುಗಿಸಿದರೆ ಗಡ್ಡೆ ಸಾಯುತ್ತದೆ, ಸುತ್ತಲಿನ ಒಳ್ಳೆಯ ಮಾಂಸ ಬದುಕಿಕೊಳ್ಳಬಹುದು ಎಂದು ಆಸೆ ಇದೆ, ಕೆಲವು ಮೀನುಗಳಲ್ಲಿ ಹಾಗೆ ಕಂಡಿದೆ ಎಂದೂ ಹೇಳಿದೆ. ಆಸೆ, ಬಹುದು, ಕೆಲವು ಮೀನು. ನಾನು ಬಳಸಿದ ಪದಗಳು ಇವು. ನೀನು ಅಲೆಯನ್ನು ಮಾತ್ರ ಕೇಳಿಸಿಕೊಂಡೆ. ಮಾರನೆಯ ದಿನವೇ ದಡದ ತುಂಬ ಸುದ್ದಿ: "ನಮ್ಮ ಎತು ಅಲೆ ಮೇಲೆ ಕೂರಿಸಿ ಕ್ಯಾನ್ಸರ್ ಓಡಿಸ್ತಾಳಂತೆ." ಆಗ ನಿನಗೆ ಕಾಯಿಲೆ ಇರಲಿಲ್ಲ. ಇದ್ದರೂ ಗೊತ್ತಿರಲಿಲ್ಲ.

ಕಾಯಿಲೆ ಗೊತ್ತಾದ ಮೇಲೆ ಒಂದು ಭಾನುವಾರ ಈರುಳ್ಳಿ ಹೆಚ್ಚುತ್ತಾ ನೀನು ಕೇಳಿದ್ದು ನೆನಪಿದೆಯೆ? ನನಗಂತೂ ಮರೆಯಲು ಆಗುತ್ತಿಲ್ಲ.

"ಭಾನುವಾರ ಅಲ್ಲಿ ಯಾರಿರ್ತಾರೆ?"

"ಯಾರೂ ಇರಲ್ಲ, ಯಾಕೆ?"

"ಬೀಗದ ಕೈ ನಿನ್ನ ಹತ್ರ ಇದೆಯಲ್ಲ. ಮೀನಿನ ಜಾಗದಲ್ಲಿ ನನ್ನ ಗಂಟಲು ಇಡು. ಒಂದೇ ಕ್ಷಣ ಅಂದ್ಯಲ್ಲ. ಯಾರಿಗೆ ಗೊತ್ತಾಗುತ್ತೆ?"

ನಾನು ನಕ್ಕೆ. ನೀನು ನಗಲಿಲ್ಲ. ಈರುಳ್ಳಿಯಿಂದಲೋ ಏನೋ ಕಣ್ಣು ಒರೆಸಿಕೊಂಡು ಮತ್ತೆ ಹೆಚ್ಚತೊಡಗಿದೆ. ಆವತ್ತಿನಿಂದ ನನ್ನ ತಲೆಯೊಳಗೆ ಹುಳ ಬಿಟ್ಟ ಹಾಗಾಗಿದೆ ಅಪ್ಪ. ಮೀಟಿಂಗಿನಲ್ಲಿ ಕೂತಿರುತ್ತೇನೆ, ಮನಸ್ಸು ಲೆಕ್ಕ ಹಾಕುತ್ತಿರುತ್ತದೆ: ಕುರ್ಚಿ ಎಷ್ಟು ಎತ್ತರ ಬೇಕು, ತಲೆ ಯಾವ ಕಡೆ ತಿರುಗಿರಬೇಕು, ಒಬ್ಬಳೇ ಯಂತ್ರ ಚಾಲೂ ಮಾಡಬಹುದೆ. ಮಾಡಲಾಗದು ಎಂದು ಗೊತ್ತು. ಗೊತ್ತಿದ್ದೂ ಲೆಕ್ಕ ನಿಲ್ಲುವುದಿಲ್ಲ. ಕೈಯಲ್ಲಿ ಔಷಧಿ ಹಿಡಿದುಕೊಂಡು ಅಪ್ಪನಿಗೆ ಕೊಡದೆ ಕೂತ ಮಗಳು ಎನಿಸುತ್ತದೆ. ಊಟ ಸೇರುತ್ತಿಲ್ಲ. ಲೋರಾಂಟ್ ಜತೆ ಸುಮ್ಮಸುಮ್ಮನೆ ಜಗಳ. ಪಾಪ, ಮೊನ್ನೆ ಅವನು "ನಿಮ್ಮಪ್ಪನ ಹತ್ರ ನಾನು ಮಾತಾಡ್ಲಾ?" ಎಂದದ್ದಕ್ಕೆ "ನೀನು ಮಾತಾಡಿದ್ರೆ ಅಪ್ಪ ಆಸ್ಪತ್ರೆ ಕಡೆ ತಲೆ ಹಾಕಿ ಕೂಡ ಮಲಗಲ್ಲ" ಎಂದು ಹಾರಾಡಿದೆ.

ಕರೆದರು. ಈ ಸಲ ನಿಜ. ಕಿರಣ ಅಲ್ಲಾಡದೆ ಸ್ಥಿರವಾಗಿದೆಯಂತೆ.

ಹೋಗಿ ಬಂದೆ. ಈಗ ಬರೆಯುವುದನ್ನು ನಿಧಾನವಾಗಿ ಓದು ಅಪ್ಪ, ಈ ಕಾಗದ ಶುರು ಮಾಡಿದ್ದೇ ಇದಕ್ಕೆ.

ಮೀನಿನ ಮರಿಗಳನ್ನು ಇಡುವ ಮೊದಲು ಬರೀ ಹಾಳೆ ಇಟ್ಟು ಹೊಡೆದು ನೋಡುತ್ತೇವೆ. ಕಿರಣ ಬಿದ್ದಲ್ಲಿ ಆ ಹಾಳೆ ಕಪ್ಪಾಗುತ್ತದೆ, ಎಷ್ಟು ಬಿತ್ತೋ ಅಷ್ಟು ಕಪ್ಪು. ಇವತ್ತು ಸಾಲಾಗಿ ಹೊಡೆದೆವು. ಮೊದಲ ಗುರುತು ತೆಳ್ಳಗೆ ಬೂದಿ ಬಣ್ಣ. ಎರಡನೆಯದು ಗಾಢ. ಆಮೇಲಿನದು ಇನ್ನೂ ಗಾಢ, ಅದೂ ಸ್ವಲ್ಪ ಪಕ್ಕಕ್ಕೆ ಸರಿದು ಬಿದ್ದಿತ್ತು. ಮತ್ತೆ ಹೊಡೆದರೆ ಏನೂ ಇಲ್ಲದಷ್ಟು ತಿಳಿ. ಯಂತ್ರ ಅದೇ, ಕೈ ಅದೇ, ಗುಂಡಿ ಅದೇ. ವಿಲ್ಮೊಶ್ ಹಾಳೆಯನ್ನು ಬೆಳಕಿಗೆ ಹಿಡಿದು "ಇವತ್ತು ಮೂಡ್ ಸರಿಯಿಲ್ಲ ಮಹಾರಾಣಿಗೆ" ಎಂದ. ಎಲ್ಲರೂ ನಕ್ಕರು. ನಾನು ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡೆ. ಆ ಸರಿದು ಬಿದ್ದ ಕಪ್ಪು ಚುಕ್ಕೆಯ ಜಾಗದಲ್ಲಿ ನಿನ್ನ ಬೆನ್ನುಹುರಿ ಇದ್ದಿದ್ದರೆ? ಹಾಳೆ ಹಾಳಾದರೆ ಇನ್ನೊಂದು ಹಾಳೆ ಇಡುತ್ತೇವೆ. ನಿನ್ನನ್ನು ಎಲ್ಲಿಂದ ತರಲಿ?

ಇದು ಯಂತ್ರದ ದೋಷವೂ ಅಲ್ಲ, ನಮ್ಮ ಸೋಮಾರಿತನವೂ ಅಲ್ಲ. ಇನ್ನೂ ಪಳಗಬೇಕು, ಅಷ್ಟೆ. ಒಂದು ದಿನ ಪಳಗುತ್ತದೆ ಎಂದು ನಾನು ನಂಬುತ್ತೇನೆ, ನಂಬದಿದ್ದರೆ ದಿನಾ ಬೆಳಿಗ್ಗೆ ಟ್ರಾಮು ಹಿಡಿದು ಇಲ್ಲಿಗೆ ಬರುತ್ತಿರಲಿಲ್ಲ. ಆದರೆ ಈ ಸೆಪ್ಟೆಂಬರಿಗಲ್ಲ. ಬರುವ ಸೆಪ್ಟೆಂಬರಿಗೂ ಅಲ್ಲ. ಮನುಷ್ಯರ ಮೇಲೆ ಬಿಡುವ ಹೊತ್ತಿಗೆ ನನ್ನ ತಲೆ ಬೆಳ್ಳಗಾಗಿರುತ್ತದೋ ಏನೋ.

ನಿನ್ನ ಭಾಷೆಯಲ್ಲೇ ಹೇಳಲೆ? ನಿನ್ನ ಕೊಪ್ಪರಿಗೆಯ ಮುಂದೆ ನಿಂತೇ ಬೆಳೆದವಳು ನಾನು. ಮೊದಲು ಈರುಳ್ಳಿ, ಆಮೇಲೆ ಸಣ್ಣ ಮೀನು, ಮುಳ್ಳು ಮೀನು, ತಲೆಗಳು. ಅವು ಗಂಟೆಗಟ್ಟಲೆ ಬೆಂದು ಕರಗಿ, ಜರಡಿಯಲ್ಲಿ ಉಜ್ಜಿ ಸೋಸಿ, ರಸ ಸರಿಯಾಗಿದೆ ಎಂದು ನಿನಗೆ ಅನ್ನಿಸುವವರೆಗೆ ನೀನು ಕಾರ್ಪಿನ ತುಂಡನ್ನು ಮುಟ್ಟುವುದಿಲ್ಲ. ಮೇಜಿನ ಮುಂದೆ ಯಾರೇ ದೊಡ್ಡ ಮನುಷ್ಯ ಕೂತು ಹಸಿವು ಹಸಿವು ಎಂದು ಬಡಿದುಕೊಂಡರೂ ಮುಟ್ಟುವುದಿಲ್ಲ. ಒಮ್ಮೆ ಯಾರೋ ಸಾಹೇಬರು ಅವಸರ ಮಾಡಿದ್ದಕ್ಕೆ ನೀನು ಹೇಳಿದ್ದು: "ಹಸಿ ರಸಕ್ಕೆ ಒಳ್ಳೆ ಮೀನು ಹಾಕಿದ್ರೆ ರಸನೂ ಕೆಡುತ್ತೆ, ಮೀನೂ ಕೆಡುತ್ತೆ. ಅವಸರ ಇದ್ರೆ ಎದುರಿಗೆ ಸಾಸೇಜ್ ಅಂಗಡಿ ಇದೆ ಹೋಗಿ." ಅವರು ಬಾಲ ಮುದುರಿಕೊಂಡು ಕಾದರು.

ನನ್ನ ಕೊಪ್ಪರಿಗೆಯಲ್ಲಿ ಇನ್ನೂ ಸಣ್ಣ ಮೀನು ಬೇಯುತ್ತಿದೆ ಅಪ್ಪ. ಗಸಗಸೆ ಕಾಳಿನಷ್ಟು ಚಿಕ್ಕ ಮೊಟ್ಟೆಗಳು. ರಸ ಹಸಿಯಾಗಿದೆ. ನೀನು ನನ್ನ ಮನೆಯ ಒಂದೇ ಒಂದು ಒಳ್ಳೆಯ ಮೀನು. ಹಸಿ ರಸಕ್ಕೆ ನನ್ನನ್ನು ಹಾಕು ಎಂದು ನೀನೇ ಹೇಳುತ್ತೀಯಲ್ಲ, ಇದು ಯಾವ ನ್ಯಾಯ?

ಹೋದ ಶುಕ್ರವಾರ ಮನೆಯವರನ್ನೆಲ್ಲ ಕರೆತರಬಹುದು ಎಂದಾಗ ನಿನ್ನನ್ನು ಇಲ್ಲಿಗೆ ತಂದೆನಲ್ಲ, ಅದಕ್ಕಾಗಿ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೇನೆ. ಬೆಳಕನ್ನು ಕಣ್ಣಾರೆ ಕಂಡರೆ ಇನ್ನಷ್ಟು ಹಟ ಹಿಡಿಯುತ್ತೀಯೇನೋ ಎಂದು ಹೆದರಿದ್ದೆ. ನೀನು ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಸೂಕ್ಷ್ಮದರ್ಶಕದ ಹತ್ತಿರ ಹೋದೆ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಗ್ಗಿದೆ. ಮರಿಗಳ ಮೈ ಗಾಜಿನ ಹಾಗೆ, ಒಳಗೆ ಗುಂಡಿಗೆ ಬಡಿದುಕೊಳ್ಳುವುದು ಕಾಣುತ್ತದೆ. "ಅಬ್ಬ, ಎಷ್ಟು ಅವಸರ ಇವಕ್ಕೆ!" ಎಂದೆ. ಅಷ್ಟರಲ್ಲಿ ಒಂದು ಮರಿ ಎದುರಿಗೆ ಬಂತು. ಹೆಚ್ಚು ಕಿರಣ ಬಿದ್ದ ಮರಿ ಅದು. ಬೆನ್ನು ಕೊಕ್ಕೆಯ ಹಾಗೆ ಬಾಗಿತ್ತು, ಈಜಲು ಹೋದರೆ ನಿಂತಲ್ಲೇ ಗಿರಗಿರ ಸುತ್ತುತ್ತಿತ್ತು. ನೀನು ಅದನ್ನೇ ನೋಡಿದೆ, ಬಹಳ ಹೊತ್ತು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದೆ. ಏನಾದರೂ ಹಾಸ್ಯ ಮಾಡುತ್ತೀಯ ಎಂದು ಕಾದೆ. ಮಾಡಲಿಲ್ಲ. ಟೋಪಿ ಹಾಕಿಕೊಂಡು "ನಡಿ" ಎಂದೆ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಅವತ್ತಿನಿಂದ ಫೋನ್ ಮಾಡಿದರೆ ಹಾಂ, ಹೂಂ, ಅಷ್ಟೆ. ನನ್ನ ಮೇಲೆ ಸಿಟ್ಟೆ? ಬೆಳಕು ಕೊಡದಿದ್ದಕ್ಕೆ ಸಿಟ್ಟೆ? ಬೈದುಬಿಡು ಮಾರಾಯ, ಹೀಗೆ ಸುಮ್ಮನಿರಬೇಡ. ನೀನು ಮಾತಾಡದಿದ್ದರೆ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ.

ನಾಳೆ ಹೋಗು ಅಪ್ಪ. ಕೈಮುಗಿದು ಕೇಳುತ್ತಿದ್ದೇನೆ. ಬೆಳಿಗ್ಗೆ ಲೋರಾಂಟ್ ಕಾರು ತಂದು ಹಾರ್ನ್ ಹೊಡೆಯುತ್ತಾನೆ. ಅವನು ಬಾಯಾ ಊರಿನವನು, ಮೀನುಸಾರಿಗೆ ಶಾವಿಗೆ ಹಾಕುವ ಜನ, ನಿಜ. ಮದುವೆಯ ಊಟದಲ್ಲಿ ಅವನ ಕಡೆಯವರು ಶಾವಿಗೆ ಕೇಳಿದಾಗ "ಇದು ಸೆಗೆಡ್, ಇಲ್ಲಿ ಸಾರಿನೊಳಗೆ ಹುಳ ಬಿಡಲ್ಲ" ಎಂದು ನೀನು ಅಂದದ್ದನ್ನು ಅವನು ಇಷ್ಟು ವರ್ಷವಾದರೂ ನಕ್ಕು ಸಹಿಸಿಕೊಂಡಿದ್ದಾನೆ. ನಾಳೆ ಒಂದು ದಿನ ನೀನು ಅವನ ಹಾರ್ನ್ ಸಹಿಸಿಕೋ. ಆ ಬಲೆಯ ಕೆಳಗೆ ನೀನು ಇರುವಷ್ಟು ಹೊತ್ತು ನಾನು ಬಾಗಿಲ ಹೊರಗೇ ನಿಂತಿರುತ್ತೇನೆ. ಇಲ್ಲಿ ರಜೆ ಹಾಕಿದ್ದೇನೆ. ಪ್ರತಿ ದಿನವೂ ಬರುತ್ತೇನೆ.

ರುಚಿ ಹೋಗುತ್ತದೆ. ಹೋಗುವುದಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಸೆಪ್ಟೆಂಬರಿನ ಮೀನುಸಾರಿನ ಸ್ಪರ್ಧೆಗೆ ದಡದ ಮೇಲೆ ಊರಿಗೆ ಊರೇ ಕೊಪ್ಪರಿಗೆ ಇಟ್ಟಾಗ ನಿನ್ನ ನಾಲಗೆ ಮರದ ತುಂಡಿನ ಹಾಗೆ ಇರಬಹುದು. ಕಣ್ಣು ಇರುತ್ತದೆ, ಮೂಗು ಇರುತ್ತದೆ, ಕೊಪ್ಪರಿಗೆಯ ಕಿವಿ ಹಿಡಿದು ತಿರುಗಿಸುವ ಕೈ ಇರುತ್ತದೆ. ಸೌಟು ಹಾಕಿ ಕಲಕಿದರೆ ಮೀನು ಒಡೆಯುತ್ತದೆ, ಕೊಪ್ಪರಿಗೆಯನ್ನೇ ಆಡಿಸಬೇಕು ಎಂದು ನಿನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟೂ ಸರಿ. ಆದರೆ ಉಪ್ಪು? ಅಲ್ಲಿಗೆ ಬಂದು ನನ್ನ ಪೆನ್ನು ನಿಲ್ಲುತ್ತದೆ. ನಿನ್ನ ಕೊಪ್ಪರಿಗೆಗೆ ಇನ್ನೊಬ್ಬರು ಉಪ್ಪು ಹಾಕಿದ್ದು ನಾನು ಕಂಡಿಲ್ಲ. ಅಮ್ಮ ಒಮ್ಮೆ, ನೀನು ಅಂಗಳದಲ್ಲಿದ್ದಾಗ, ಒಂದೇ ಒಂದು ಚಿಟಿಕೆ ಹಾಕಿದಳು. ನೀನು ಬಂದು ರುಚಿ ನೋಡಿ "ಯಾರ ಕೈ ಇದು?" ಎಂದೆ. ವಾರವಿಡೀ ಮಾತು ಬಿಟ್ಟೆ. ಹಾಗಿರುವಾಗ ಉಪ್ಪಿನ ವಿಷಯ ಎತ್ತಲು ನನಗೆ ಧೈರ್ಯ ಸಾಲದು. ಅದೊಂದನ್ನು ನೀನೇ ಯೋಚಿಸು.

ಫೋನ್ ಬರುತ್ತಿದೆ. ಲೋರಾಂಟ್. ಈ ಹೊತ್ತಿನಲ್ಲಿ ಅವನೇಕೆ ಮಾಡುತ್ತಾನೆ? ತಾಳು.

ಅಪ್ಪ, ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗೆ ಬಂದರೆ ಕ್ಷಮಿಸು.

ಅವನು ನಿನ್ನ ಅಂಗಳದಿಂದಲೇ ಮಾತಾಡಿದ, ಪಿಸುಗುಟ್ಟುತ್ತಾ. "ಮಾವ ನನಗೆ ಫೋನ್ ಮಾಡಿದ್ರು ಎತು. ನನಗೆ!" ಎಂದ. ನಾನು ಆಸ್ಪತ್ರೆ, ಆಂಬುಲೆನ್ಸ್ ಎಂದೆಲ್ಲ ಯೋಚಿಸಿ "ಏನಾಯ್ತು, ಬೇಗ ಬೊಗಳು" ಎಂದು ಕಿರುಚಿದೆ. "ಏನೂ ಆಗಿಲ್ಲ. ಶಾವಿಗೆ ತಗೊಂಡು ಬಾ ಅಂದ್ರು."

ಶಾವಿಗೆ!

"ಕೊಪ್ಪರಿಗೆ ಇಟ್ಟಿದ್ದಾರೆ. ನಾನು ಬಾಗಿಲಲ್ಲೇ ನಿಂತಿದ್ದೆ. 'ಬಾರಯ್ಯ ಒಳಗೆ, ನಾಲಗೆ ನೆಟ್ಟಗಿರೋವಾಗ್ಲೇ ನಿಮ್ಮೂರಿನ ಆ ಅನ್ಯಾಯಾನೂ ಒಂದ್ಸಲ ರುಚಿ ನೋಡಿಬಿಡ್ತೀನಿ, ನಾಳೆಯಿಂದ ಯಾವುದೂ ಗೊತ್ತಾಗಲ್ಲ' ಅಂದ್ರು. ನಾಳೆ ಎಷ್ಟು ಹೊತ್ತಿಗೆ ಹಾರ್ನ್ ಹೊಡೀತೀಯ ಅಂತ ಅವರೇ ಕೇಳಿದ್ರು."

ಇಷ್ಟು ಪುಟ ಗೀಚಿದ್ದೇನೆ, ಇನ್ನೂ ಒಂದು ಸಾಲು ನಿನ್ನ ಕಣ್ಣಿಗೆ ಬಿದ್ದಿಲ್ಲ, ನೀನಾಗಲೇ ತೀರ್ಮಾನ ಮಾಡಿ ಕೂತಿದ್ದೀಯ! ಯಾಕಂತೆ, ಏನು ಹೇಳಿದರು, ಎಂದು ಅವನನ್ನು ಪೀಡಿಸಿದೆ. ಕೊನೆಗೆ ಹೇಳಿದ. ನೀನು ಮೀನಿನ ಹುರುಪೆ ಕೆರೆಯುತ್ತಾ, ಅವನ ಮುಖ ನೋಡದೆ ಅಂದೆಯಂತೆ: "ಆ ಸೊಟ್ಟ ಬೆನ್ನಿನ ಮರಿ ನೋಡಿದ್ಮೇಲೆ ಅವಳ ಮುಖ ನೋಡಿದೆ ಕಣಯ್ಯ. ನಾನು ಇನ್ನೊಂದ್ಸಲ ಕೇಳಿದ್ರೆ ಒಪ್ಪಿಬಿಡ್ತಿದ್ಲು. ನನ್ನ ರುಚಿ ಹೋದ್ರೆ ಹೋಗಲಿ. ಅವಳ ಕೈಯಲ್ಲಿ ನನಗೇನಾದ್ರೂ ಆಗಿ, ಅವಳು ಜೀವಮಾನ ಪೂರ್ತಿ ಅದನ್ನ ಹೊತ್ಕೊಂಡು ತಿರುಗೋದು ಬೇಡ."

ಒಪ್ಪಿಬಿಡುತ್ತಿದ್ದೆನೆ? ಗೊತ್ತಿಲ್ಲ ಅಪ್ಪ. ಇವತ್ತು ಹಾಳೆಯ ಮೇಲಿನ ಆ ಕಪ್ಪು ಚುಕ್ಕೆ ನೋಡುವವರೆಗೆ ನನಗೂ ಗೊತ್ತಿರಲಿಲ್ಲ. ಐದು ದಿನ ನೀನು ಹಾಂ ಹೂಂ ಎಂದುಕೊಂಡು ಒಬ್ಬನೇ ಇದನ್ನು ನುಂಗುತ್ತಿದ್ದೆ, ನಾನು ಸಿಟ್ಟು ಎಂದುಕೊಂಡೆ.

ಫೋನ್ ಇಡುವ ಮೊದಲು ಲೋರಾಂಟ್ ಹೊಟ್ಟೆ ಹಸಿದ ದನಿಯಲ್ಲಿ ಗೊಣಗಿದ. "ಬೇಗ ಬಾ ಮಾರಾಯ್ತಿ, ಎಲ್ಲ ಬೆಂದು ರೆಡಿಯಾಗಿದೆ, ತಿನ್ನೋಕೆ ಬಿಡ್ತಿಲ್ಲ. ಸಾರಿಗೆ ಉಪ್ಪೇ ಹಾಕಿಲ್ಲ. ಮರೆತ್ರೇನೋ ಅಂತ ನಾನು ಡಬ್ಬಿಗೆ ಕೈ ಹಾಕಿದೆ, ಕೈ ಮೇಲೆ ಒಂದು ಬಾರಿಸಿದ್ರು. 'ಮುಟ್ಟಬೇಡ, ಎತು ಬರ್ತಾಳೆ. ಇವತ್ತಿಂದ ಉಪ್ಪು ಅವಳದ್ದು' ಅಂದ್ರು."

ಈ ಸಾಲನ್ನು ಬರೆದು ಕುರ್ಚಿ ಎಳೆದುಕೊಂಡೆ. ಬೆಳಿಗ್ಗೆಯಿಂದ ಮೊದಲ ಸಲ ಕೂತೆ. ವಿಲ್ಮೊಶ್ ಬಂದು ಕಿರಣ ಮತ್ತೆ ಸ್ಥಿರವಾಗಿದೆ, ಮರಿಗಳನ್ನು ಇಡೋಣವೆ ಎಂದು ಕೇಳಿದ. ಮುಖ ನೋಡಿ ಹೆದರಿ "ಏನಾಯ್ತು?" ಎಂದ. ಅಪ್ಪ ಉಪ್ಪು ಹಾಕಲು ಕರೆದಿದ್ದಾನೆ ಎಂದೆ. ನಿನ್ನ ಖಾನಾವಳಿ ಬಲ್ಲವನು, ಅರ್ಥವಾಯಿತು. "ಹೋಗು ಹೋಗು, ಮೀನು ನಾನು ನೋಡ್ಕೋತೀನಿ" ಎಂದು ಚೀಲ ಎತ್ತಿ ಕೈಗೆ ಕೊಟ್ಟ.

ಹೊರಟೆ. ಕಾಗದವನ್ನು ನಾನೇ ತರುತ್ತೇನೆ. ನೀನಾಗಲೇ ತೀರ್ಮಾನ ಮಾಡಿದ್ದೀಯಾದ್ದರಿಂದ ಓದುವ ಅಗತ್ಯವಿಲ್ಲ ಎನ್ನಬೇಡ, ನಾಳೆ ಆ ಮಂಚದಿಂದ ಎದ್ದು ಬಂದ ಮೇಲೆ ಓದು. ಉಪ್ಪು ಹೆಚ್ಚಾದರೆ ಬೈಯುವಿಯಂತೆ, ಕಮ್ಮಿಯಾದರೂ ಬೈಯುವಿಯಂತೆ. ಇವತ್ತು ನಿನ್ನ ನಾಲಗೆ ಇದೆ, ನನಗೆ ಹೇಳಿಕೊಡು. ನಾಳೆಯಿಂದ ನೀನು ಕೊಪ್ಪರಿಗೆ ತಿರುಗಿಸು, ನಾನು ರುಚಿ ನೋಡಿ ಹೇಳುತ್ತೇನೆ. ನಿನ್ನ ನಾಲಗೆ ವಾಪಸು ಬಂದ ದಿನ ಉಪ್ಪಿನ ಡಬ್ಬಿ ನಿನ್ನ ಕೈಗೆ, ಮಾತು ಕೊಟ್ಟೆ.

ನಾನು ಬರುವವರೆಗೆ ಯಾರೂ ಸೌಟು ಹಾಕದಿರಲಿ. ನಾಳೆ ಆ ಬಲೆ ನಿನ್ನ ಮೇಲೆ ಹಗುರವಾಗಿ ಬೀಳಲಿ, ಹಗುರವಾಗಿ ಏಳಲಿ.

ಟ್ರಾಮಿಗೆ ಓಡುತ್ತಿರುವ,
ನಿನ್ನ ಎತು